ತೆರಿಗೆ ಸುದ್ದಿ ಬಂದಾಗ ಲೆಕ್ಕ ಪೂರ್ತಿ ಮಾಡಿ ನೋಡುವುದು ಹೇಗೆ

2025ರ ಜುಲೈ. ನಮ್ಮ ಬೀದಿಯ ಸಣ್ಣ ದಿನಸಿ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಅಂಟಿಸಿದ್ದ ಜಾಗದಲ್ಲಿ ಒಂದು ರಟ್ಟು ನೇತಾಡುತ್ತಿತ್ತು. ‘ನೋ ಯುಪಿಐ, ಕ್ಯಾಶ್ ಮಾತ್ರ’ ಅಂತ ಸ್ಕೆಚ್ ಪೆನ್ನಲ್ಲಿ ಬರೆದಿದ್ದರು. ಯಾಕಣ್ಣ ಅಂತ ಕೇಳಿದೆ. ‘ಫೋನಲ್ಲಿ ದುಡ್ಡು ಹಾಕಿಸಿಕೊಂಡ್ರೆ ಟ್ಯಾಕ್ಸ್ ಅಂತೆ ಕಣಮ್ಮ, ಮೂರು ದಿನದಿಂದ ಟೀವೀಲಿ ಅದೇ ಬರ್ತಿದೆ’ ಅಂದರು.

ಅವರಿಗೆ ನೋಟಿಸ್ ಬಂದಿರಲಿಲ್ಲ. ಸುದ್ದಿ ಮಾತ್ರ ಬಂದಿತ್ತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ವಿವರ ತೆಗೆದುಕೊಂಡು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ನಿಜ. ಆದರೆ ಯುಪಿಐ ಮೇಲೆ ತೆರಿಗೆ ಅನ್ನುವುದು ತಪ್ಪು. ತೆರಿಗೆ ಬೀಳುವುದು ಮಾರಿದ ಸರಕಿನ ಮೇಲೆ. ದುಡ್ಡು ನೋಟಲ್ಲಿ ಬಂದರೂ ಅಷ್ಟೇ, ಫೋನಲ್ಲಿ ಬಂದರೂ ಅಷ್ಟೇ. ಬರೀ ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಸೇವೆ ಕೊಡುವವರಿಗೆ ಈ ಮಿತಿ 20 ಲಕ್ಷ. ತರಕಾರಿ, ಹಾಲಿನಂಥ ತೆರಿಗೆ ಇಲ್ಲದ ಸರಕು ಮಾತ್ರ ಮಾರುವವರಿಗೆ ವಹಿವಾಟು ಎಷ್ಟಿದ್ದರೂ ನೋಂದಣಿ ಬೇಡ.

ಬಿಲ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆವು. ದಿನಕ್ಕೆ ಸುಮಾರು 9 ಸಾವಿರ ವ್ಯಾಪಾರ. ವರ್ಷಕ್ಕೆ 360 ದಿನ ಅಂಗಡಿ ತೆಗೆದರೂ 32 ಲಕ್ಷ 40 ಸಾವಿರ. 40 ಲಕ್ಷ ಮುಟ್ಟಲಿಲ್ಲ. ಮೂರು ನಿಮಿಷದ ಕೆಲಸ ಅದು. ಅಷ್ಟರಲ್ಲಿ ಅವರು ಮೂರು ದಿನದ ಗಿರಾಕಿಗಳನ್ನು ವಾಪಸ್ ಕಳಿಸಿಬಿಟ್ಟಿದ್ದರು.

ಆ ಹಾಳೆ ನೋಡಿ ನನಗೆ ಹೊಟ್ಟೆ ಉರಿಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತೆರಿಗೆ ಬಗ್ಗೆ ಬರುವ ಸುದ್ದಿಯಲ್ಲಿ ಹಸಿ ಸುಳ್ಳು ಕಮ್ಮಿ, ಅರ್ಧ ಲೆಕ್ಕ ಜಾಸ್ತಿ. ಯಾರೋ ಒಬ್ಬರು ಒಂದು ನಿಜವಾದ ಅಂಕಿ ಹಿಡಿದುಕೊಂಡು ಬರುತ್ತಾರೆ, ಅದರ ಜೊತೆಗಿರಬೇಕಾದ ಇನ್ನೊಂದು ಅಂಕಿಯನ್ನು ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ. ಆ ಇನ್ನೊಂದನ್ನು ಹುಡುಕಿ ಪಕ್ಕದಲ್ಲಿ ಇಟ್ಟು ನೋಡುವುದು ನಮ್ಮ ಕೆಲಸ. ಅದಕ್ಕೆ ಸಿಎ ಓದಬೇಕಾಗಿಲ್ಲ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ಮೊದಲು ಹಾಳೆ ತೆಗೆದುಕೊಂಡು ಆ ಸುದ್ದಿಯನ್ನು ಒಂದು ಸಾಲಿನಲ್ಲಿ ನಿಮ್ಮ ಮಾತಲ್ಲಿ ಬರೆಯಿರಿ. ಅದರ ಕೆಳಗೆ ನಾಲ್ಕು ಪ್ರಶ್ನೆ: ಯಾವ ತೆರಿಗೆ? ಯಾರು ಹಾಕುವುದು, ಯಾರಿಗೆ ಹೋಗುವುದು? ಎಷ್ಟರಲ್ಲಿ ಎಷ್ಟು? ಯಾವ ವರ್ಷದ್ದು? ಬಹಳಷ್ಟು ಸುದ್ದಿ ಈ ನಾಲ್ಕಕ್ಕೆ ಉತ್ತರ ಕೊಡುವುದಿಲ್ಲ. ಎಲ್ಲಿ ಖಾಲಿ ಉಳಿಯಿತೋ ಅಲ್ಲೇ ಅಗೆಯಬೇಕು.

‘ಸಂಬಳದಲ್ಲಿ ಶೇ 30 ತೆರಿಗೆಗೇ ಹೋಗುತ್ತದೆ’

ಇದನ್ನು ನಾನು ಅತಿ ಜಾಸ್ತಿ ಕೇಳುವುದು ಐಟಿ ಕಂಪನಿಯಲ್ಲಿರುವ ನಮ್ಮ ಹುಡುಗರಿಂದ. ಪಾಪ, ಅವರು ಬೇಕಂತ ತಪ್ಪು ಹೇಳುವುದಿಲ್ಲ. ಆದಾಯವನ್ನು ತುಂಡು ತುಂಡು ಮಾಡಿ ಒಂದೊಂದು ತುಂಡಿಗೆ ಒಂದೊಂದು ದರ ಹಾಕುತ್ತಾರೆ, ಆ ತುಂಡೇ ಸ್ಲ್ಯಾಬು. ಕೊನೆಯ ಸ್ಲ್ಯಾಬಿನ ದರವನ್ನೇ ಪೂರ್ತಿ ಸಂಬಳದ ದರ ಅಂದುಕೊಂಡಿರುತ್ತಾರೆ.

2025ರ ಬಜೆಟ್ಟಿನಲ್ಲಿ ಬಂದ ಆದಾಯ ತೆರಿಗೆಯ ಹೊಸ ಪದ್ಧತಿಯ (ನ್ಯೂ ರೆಜೀಮ್) ದರ ತೆಗೆದುಕೊಳ್ಳಿ. ಕಡಿತ ಎಲ್ಲ ಕಳೆದು ತೆರಿಗೆ ಬೀಳುವ ಆದಾಯ 25 ಲಕ್ಷ ಅಂತ ಇಟ್ಟುಕೊಳ್ಳೋಣ. ಮೊದಲ 4 ಲಕ್ಷಕ್ಕೆ ಸೊನ್ನೆ. ಮುಂದಿನ 4 ಲಕ್ಷಕ್ಕೆ ಶೇ 5, ಅಂದರೆ 20 ಸಾವಿರ. ಆಮೇಲಿನ ಒಂದೊಂದು 4 ಲಕ್ಷಕ್ಕೂ ಶೇ 10, 15, 20, 25. ಅಂದರೆ 40 ಸಾವಿರ, 60 ಸಾವಿರ, 80 ಸಾವಿರ, 1 ಲಕ್ಷ. ಇಲ್ಲಿಗೆ 24 ಲಕ್ಷ ಮುಗಿಯಿತು. ಉಳಿದ 1 ಲಕ್ಷಕ್ಕೆ ಮಾತ್ರ ಶೇ 30, ಅಂದರೆ 30 ಸಾವಿರ. ಎಲ್ಲ ಕೂಡಿದರೆ 3 ಲಕ್ಷ 30 ಸಾವಿರ. ಅದರ ಮೇಲೆ ಶೇ 4 ಸೆಸ್, ಅಂದರೆ ತೆರಿಗೆಯ ಮೇಲೆ ಇನ್ನೊಂದು ತೆರಿಗೆ, 13,200. ಒಟ್ಟು 3,43,200. ಇದನ್ನು 25 ಲಕ್ಷದಿಂದ ಭಾಗಿಸಿದರೆ ಶೇ 13.7.

ಇದು ಜಾಸ್ತಿಯೋ ಕಮ್ಮಿಯೋ ಅಂತ ನೀವು ಜಗಳ ಆಡಬಹುದು. ಧಾರಾಳವಾಗಿ ಆಡಿ. ಇವರು ಇದರ ಜೊತೆ ಪೆಟ್ರೋಲಿಗೂ ಕೊಡುತ್ತಾರೆ, ಬಟ್ಟೆಗೂ ಕೊಡುತ್ತಾರೆ, ಆ ಮಾತೂ ಸರಿ. ಆದರೆ ಜಗಳ 13.7ರಿಂದ ಶುರುವಾಗಬೇಕು, 30ರಿಂದ ಅಲ್ಲ.

ಅದೇ ಬಜೆಟ್ಟಿನ ಇನ್ನೊಂದು ತಲೆಬರಹ ‘12 ಲಕ್ಷದವರೆಗೆ ತೆರಿಗೆ ಇಲ್ಲ’. ಇಲ್ಲೂ ಅರ್ಧ ಬಿಟ್ಟುಹೋಗಿದೆ. ಸೊನ್ನೆ ಸ್ಲ್ಯಾಬು 4 ಲಕ್ಷದವರೆಗೆ ಮಾತ್ರ. 12 ಲಕ್ಷದವರೆಗೆ ಬರುವ 60 ಸಾವಿರ ತೆರಿಗೆಯನ್ನು ಸರ್ಕಾರ ರಿಬೇಟ್ ಅಂತ ಬಿಟ್ಟುಕೊಡುತ್ತದೆ. ಸುಮ್ನೆ ಪದದ ವ್ಯತ್ಯಾಸ ಅಂದುಕೊಳ್ಳಬೇಡಿ. ಷೇರು ಮಾರಿ ಬಂದ ಲಾಭದ ಮೇಲಿನ ವಿಶೇಷ ದರದ ತೆರಿಗೆಗೆ ಈ ರಿಬೇಟ್ ಸಿಗುವುದಿಲ್ಲ. ಹಳೆ ಪದ್ಧತಿಯಲ್ಲೇ ಉಳಿದವರಿಗೂ ಇದು ಇಲ್ಲ. ಇನ್ನೊಂದು ಕಡೆ, ‘12 ಲಕ್ಷದ ಮೇಲೆ ಒಂದು ರೂಪಾಯಿ ಬಂದರೂ 60 ಸಾವಿರ ಕಟ್ಟಬೇಕು’ ಅಂತ ಹೆದರಿಸುವ ವಿಡಿಯೋಗಳೂ ಓಡಾಡಿದವು. ಅದೂ ತಪ್ಪು. 12 ಲಕ್ಷ 10 ಸಾವಿರ ಆದಾಯಕ್ಕೆ ಸ್ಲ್ಯಾಬಿನ ಪ್ರಕಾರ 61,500 ಬರುತ್ತದೆ ಸರಿ, ಆದರೆ ಮಾರ್ಜಿನಲ್ ರಿಲೀಫ್ ಅಂತ ಒಂದಿದೆ, ಅದರಿಂದಾಗಿ ಮಿತಿ ದಾಟಿದ ಆ 10 ಸಾವಿರಕ್ಕಿಂತ ಜಾಸ್ತಿ ತೆರಿಗೆ ಕೇಳುವ ಹಾಗಿಲ್ಲ, ಮೇಲೆ ಸೆಸ್ ಅಷ್ಟೇ.

‘ದೇಶದಲ್ಲಿ ತೆರಿಗೆ ಕಟ್ಟುವವರು ಶೇ 2 ಮಾತ್ರ’

ಈ ಮಾತು ಬಂದಾಗ ‘ಯಾವ ತೆರಿಗೆ’ ಅನ್ನುವ ಮೊದಲ ಪ್ರಶ್ನೆಯನ್ನು ಜೋರಾಗಿ ಕೇಳಬೇಕು. 2023-24ರಲ್ಲಿ ಆದಾಯ ತೆರಿಗೆ ರಿಟರ್ನ್ಸ್ ಹಾಕಿದವರು 8 ಕೋಟಿಗೂ ಸ್ವಲ್ಪ ಜಾಸ್ತಿ. ಅದರಲ್ಲಿ ಸುಮಾರು 4.9 ಕೋಟಿ ಜನರದು ಸೊನ್ನೆ ತೆರಿಗೆ. ಉಳಿದವರು ಸುಮಾರು 3.2 ಕೋಟಿ. ಅದನ್ನು 140 ಕೋಟಿಯಿಂದ ಭಾಗಿಸಿದರೆ ಶೇ 2 ಚಿಲ್ಲರೆ ಬರುತ್ತದೆ. ಅಂಕಿ ಸರಿಯೇ. ಆದರೆ ಆ 140 ಕೋಟಿಯಲ್ಲಿ ತೊಟ್ಟಿಲ ಕೂಸೂ ಇದೆ, ಪಿಂಚಣಿ ಇಲ್ಲದ ಅಜ್ಜಿಯೂ ಇದ್ದಾಳೆ. ಒಂದು ದುಡಿಯುವ ಕೈಗೆ ನಾಲ್ಕು ತಿನ್ನುವ ಬಾಯಿ ಇರುವ ಮನೆಗಳು ನಮ್ಮವು. ಮನೆ ಲೆಕ್ಕ ಹಿಡಿದರೆ ಚಿತ್ರವೇ ಬೇರೆ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಇದು ಆದಾಯ ತೆರಿಗೆ ಮಾತ್ರ. ಮನೆಗೆಲಸಕ್ಕೆ ಬರುವ ಹೆಂಗಸು ಸೋಪು ಕೊಂಡಾಗ ಜಿಎಸ್‌ಟಿ ಕೊಡುತ್ತಾಳೆ, ಮೊಬೈಲ್ ರೀಚಾರ್ಜ್ ಮಾಡಿಸಿದಾಗ ಶೇ 18 ಕೊಡುತ್ತಾಳೆ. ಅವಳ ಎದುರು ನಿಂತು ‘ನೀನು ತೆರಿಗೆ ಕಟ್ಟುವುದಿಲ್ಲ’ ಅನ್ನುವುದು ದೊಡ್ಡ ಅನ್ಯಾಯ. ಈ ಒಂದು ಮಾತಿನ ಬಗ್ಗೆ ನನಗೆ ಸಿಟ್ಟು ಇದೆ, ಮುಚ್ಚಿಡುವುದಿಲ್ಲ.

ತುಪ್ಪದ ಲೆಕ್ಕ

ತೆರಿಗೆ ಇಳಿದರೆ ಬೆಲೆ ಎಷ್ಟು ಇಳಿಯಬೇಕು ಅಂತ ನೋಡಲು ತುಪ್ಪಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ತುಪ್ಪದ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ನಂದಿನಿ ತುಪ್ಪ ಲೀಟರಿಗೆ 650 ಇದ್ದದ್ದು 610 ಆಯಿತು. ನಮ್ಮ ಮನೆ ಗ್ರೂಪಿನಲ್ಲಿ ಕೂಡಲೇ ತಕರಾರು: ‘7 ಪರ್ಸೆಂಟ್ ಇಳಿದರೆ 45 ರೂಪಾಯಿ 50 ಪೈಸೆ ಇಳಿಯಬೇಕಿತ್ತಲ್ವಾ, 40 ಮಾತ್ರ ಇಳಿಸಿದ್ದಾರೆ.’

ಹಾಗಲ್ಲ. 650ರ ಒಳಗೇ ತೆರಿಗೆ ಸೇರಿದೆ. ಮೊದಲು ಅದನ್ನು ಹೊರಗೆ ತೆಗೆಯಬೇಕು. 650ನ್ನು 1.12ರಿಂದ ಭಾಗಿಸಿ. 580 ರೂಪಾಯಿ ಚಿಲ್ಲರೆ ಬರುತ್ತದೆ. ಅದು ಬರೀ ತುಪ್ಪದ ಬೆಲೆ. ಅದನ್ನು 1.05ರಿಂದ ಗುಣಿಸಿ. 609 ಚಿಲ್ಲರೆ. 610 ಮಾಡಿದ್ದು ಸರಿಯಾಗೇ ಇದೆ. ಎಂಆರ್‌ಪಿ ಇರುವ ಯಾವ ವಸ್ತುವಿಗೂ ಹೀಗೇ: ಹಳೆ ತೆರಿಗೆಯಿಂದ ಭಾಗಿಸು, ಹೊಸ ತೆರಿಗೆಯಿಂದ ಗುಣಿಸು. ಇದೊಂದನ್ನು ಕಲಿತರೆ ಯಾವ ಕಂಪನಿ ತೆರಿಗೆ ಇಳಿದ ಲಾಭವನ್ನು ಗಿರಾಕಿಗೆ ದಾಟಿಸಿದೆ, ಯಾವುದು ಜೇಬಿಗಿಳಿಸಿದೆ ಅಂತ ನೀವೇ ಹೇಳಬಹುದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನವೆಂಬರಿನಲ್ಲಿ ಅದೇ ತುಪ್ಪಕ್ಕೆ ಕೆಎಂಎಫ್ 90 ರೂಪಾಯಿ ಏರಿಸಿತು, 700 ಆಯಿತು. ಆಗ ಕೆಲವರು ‘ಜಿಎಸ್‌ಟಿ ಇಳಿಸಿದ್ದೇ ಸುಳ್ಳು’ ಅಂದರು. 700ನ್ನು 1.05ರಿಂದ ಭಾಗಿಸಿ ನೋಡಿ. ತೆರಿಗೆ 33 ರೂಪಾಯಿ ಮಾತ್ರ. ಹಿಂದೆ 650 ಇದ್ದಾಗ ತೆರಿಗೆಯೇ ಸುಮಾರು 70 ಇತ್ತು. ಏರಿದ್ದು ತುಪ್ಪದ ಬೆಲೆ, ತೆರಿಗೆ ಅಲ್ಲ. ಬೆಲೆ ಏರಿಸಿದ್ದು ಸರಿಯೇ ಅಂತ ಕೇಳುವ ಹಕ್ಕು ನಮಗಿದೆ, ಆದರೆ ಆ ಪ್ರಶ್ನೆಯನ್ನು ದೆಹಲಿಗೆ ಕಳಿಸಬಾರದು.

ಬೈಗುಳ ಯಾರಿಗೆ ಸೇರಬೇಕು

ಪೆಟ್ರೋಲಿನಲ್ಲಿ ಈ ಗೊಂದಲ ಇನ್ನೂ ಜಾಸ್ತಿ. 2024ರ ಜೂನ್ 15ರಂದು ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಬಂಕಿನಲ್ಲಿ ಸುಮಾರು 3 ರೂಪಾಯಿ ಜಾಸ್ತಿಯಾಯಿತು. ಇದು ಪೂರ್ತಿ ಬೆಂಗಳೂರಿನ ತೀರ್ಮಾನ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಲೀಟರಿಗೆ 2 ರೂಪಾಯಿ ಅಬಕಾರಿ ಸುಂಕ ಏರಿಸಿತು, ಆದರೆ ಕಚ್ಚಾ ತೈಲ ಇಳಿದಿದ್ದರಿಂದ ಬಂಕಿನ ಬೆಲೆ ಏರಲಿಲ್ಲ. ಬೆಲೆ ಏರದೆ ತೆರಿಗೆ ಏರಿದಾಗ ಗದ್ದಲ ಕಮ್ಮಿ. ಆದರೆ ಇಳಿಯಬೇಕಿದ್ದ 2 ರೂಪಾಯಿ ಇಳಿಯಲಿಲ್ಲವಲ್ಲ, ಅದೂ ನಮ್ಮ ದುಡ್ಡೇ.

ಇನ್ನು ಕೇಂದ್ರದ ಆ ಸುಂಕದ ಒಳಗೆ ಇಣುಕಿ. 2022ರ ಮೇ ತಿಂಗಳ ಕಡಿತದ ನಂತರ ಪೆಟ್ರೋಲ್ ಮೇಲೆ ಲೀಟರಿಗೆ 19 ರೂಪಾಯಿ 90 ಪೈಸೆ ಇತ್ತು. ಅದರಲ್ಲಿ ಮೂಲ ಸುಂಕ ಬರೀ 1 ರೂಪಾಯಿ 40 ಪೈಸೆ. ಉಳಿದದ್ದೆಲ್ಲ ಸೆಸ್ಸು ಮತ್ತು ವಿಶೇಷ ಸುಂಕ. ರಾಜ್ಯಗಳಿಗೆ ಪಾಲು ಸಿಗುತ್ತಿದ್ದದ್ದು ಆ 1.40ರಲ್ಲಿ ಮಾತ್ರ. ಸಂವಿಧಾನದ 270 ಮತ್ತು 271ನೇ ವಿಧಿಗಳ ಪ್ರಕಾರ ಸೆಸ್ ಮತ್ತು ಸರ್‌ಚಾರ್ಜನ್ನು (ಆ ವಿಶೇಷ ಸುಂಕ ಇದೇ ಸಾಲಿನದು) ಕೇಂದ್ರ ಹಂಚಬೇಕಾಗಿಲ್ಲ. ಈ ಒಂದು ಸಂಗತಿ ಗೊತ್ತಿಲ್ಲದೆ ಮುಂದಿನ ಜಗಳ ಅರ್ಥವಾಗುವುದಿಲ್ಲ.

‘ನನ್ನ ತೆರಿಗೆ ನನ್ನ ಹಕ್ಕು’

2024ರ ಫೆಬ್ರವರಿ 7ರಂದು ಸಿದ್ದರಾಮಯ್ಯ ಸರ್ಕಾರ ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕೂತಿತ್ತು, ನೆನಪಿದೆಯಲ್ವಾ? ಕರ್ನಾಟಕದಿಂದ 100 ರೂಪಾಯಿ ಹೋದರೆ ವಾಪಸ್ ಬರುವುದು 12-13 ರೂಪಾಯಿ ಅಂತ ವಾದ. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರ ಕಡೆಯ ಉತ್ತರ: 2004ರಿಂದ 14ರವರೆಗೆ ಕರ್ನಾಟಕಕ್ಕೆ ಬಂದ ತೆರಿಗೆ ಪಾಲು ಸುಮಾರು 82 ಸಾವಿರ ಕೋಟಿ, ಮುಂದಿನ ಹತ್ತು ವರ್ಷದಲ್ಲಿ 2.8 ಲಕ್ಷ ಕೋಟಿಗೂ ಜಾಸ್ತಿ. ನಮ್ಮ ಚಾನೆಲ್‌ಗಳು ಒಂದು ವಾರ ಈ ಎರಡು ಅಂಕಿಗಳನ್ನು ಕೋಳಿ ಅಂಕದ ಹಾಗೆ ಬಿಟ್ಟವು. ಯಾರು ಸುಳ್ಳು ಹೇಳುತ್ತಿದ್ದಾರೆ ಅಂತ ಎಲ್ಲರೂ ಕೇಳಿದರು. ನನಗೆ ಕಂಡ ಹಾಗೆ ಇಬ್ಬರ ಅಂಕಿಯೂ ನಿಂತುಕೊಳ್ಳುತ್ತದೆ. ಒಬ್ಬರು ಶೇಕಡಾದಲ್ಲಿ ಮಾತಾಡಿದರು, ಇನ್ನೊಬ್ಬರು ರೂಪಾಯಿಯಲ್ಲಿ.

ಇಂಥದ್ದು ಬಂದಾಗ ಹೀಗೆ ಮಾಡಿ. ರೂಪಾಯಿಯನ್ನು ಶೇಕಡಾಕ್ಕೆ ತನ್ನಿ, ಶೇಕಡಾವನ್ನು ರೂಪಾಯಿಗೆ ತನ್ನಿ. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಅಂತ ಶಿಫಾರಸು ಮಾಡುವುದು ಹಣಕಾಸು ಆಯೋಗ. 14ನೇ ಹಣಕಾಸು ಆಯೋಗ ರಾಜ್ಯಗಳ ಒಟ್ಟು ಪಾಲಿನಲ್ಲಿ ಕರ್ನಾಟಕಕ್ಕೆ ಶೇ 4.713 ಕೊಟ್ಟಿತ್ತು. 15ನೇ ಆಯೋಗ ಅದನ್ನು 3.647ಕ್ಕೆ ಇಳಿಸಿತು. 2024ರ ಮಧ್ಯಂತರ ಬಜೆಟ್ಟಿನಲ್ಲಿ ಎಲ್ಲ ರಾಜ್ಯಗಳಿಗೆ ಸೇರಿ ಇಟ್ಟ ಪಾಲು 12,19,783 ಕೋಟಿ. 3.647ರ ಪ್ರಕಾರ ನಮಗೆ 44,485 ಕೋಟಿ. ಹಳೆ 4.713 ಇದ್ದಿದ್ದರೆ ಸುಮಾರು 57,488 ಕೋಟಿ. ಒಂದೇ ವರ್ಷಕ್ಕೆ 13 ಸಾವಿರ ಕೋಟಿ ವ್ಯತ್ಯಾಸ. ಹತ್ತು ವರ್ಷದಲ್ಲಿ ರೂಪಾಯಿ ಜಾಸ್ತಿ ಬಂದದ್ದು ನಿಜ, ಯಾಕೆಂದರೆ ದೇಶದ ಒಟ್ಟು ತೆರಿಗೆಯೇ ಬೆಳೆಯಿತು, ಬೆಲೆಗಳೂ ಏರಿದವು. ಎಲ್ಲ ರಾಜ್ಯಕ್ಕೂ ಜಾಸ್ತಿ ಬಂತು. ತಟ್ಟೆ ದೊಡ್ಡದಾಯಿತು, ಅದರಲ್ಲಿ ನಮ್ಮ ತುತ್ತಿನ ಪಾಲು ಚಿಕ್ಕದಾಯಿತು.

ಇಲ್ಲಿಗೆ ನಿಲ್ಲಿಸಿದರೆ ನಾನೂ ಅರ್ಧ ಲೆಕ್ಕ ಹೇಳಿದ ಹಾಗೆ. ಆ 100 ರೂಪಾಯಿ ಎಲ್ಲಿಂದ ಬಂತು ಅಂತಲೂ ನೋಡಬೇಕು. ಕರ್ನಾಟಕದಿಂದ 4 ಲಕ್ಷ ಕೋಟಿಗೂ ಜಾಸ್ತಿ ಹೋಗುತ್ತದೆ ಅಂದಾಗ ಅದರಲ್ಲಿ ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಕಂಪನಿಗಳ ಕಾರ್ಪೊರೇಟ್ ತೆರಿಗೆ ಸೇರಿದೆ. ಆ ಕಂಪನಿ ದುಡಿದದ್ದು ಪುಣೆಯಲ್ಲೂ ಇರಬಹುದು, ಭುವನೇಶ್ವರದಲ್ಲೂ ಇರಬಹುದು. ಕಟ್ಟಿದ್ದು ಇಲ್ಲಿ, ಅದಕ್ಕೇ ಇಲ್ಲಿನ ಖಾತೆಗೆ. ಇದೇ ಕಾರಣಕ್ಕೆ ಮುಂಬೈ ಹೆಸರಿನಲ್ಲಿ ಕಾಣುವ ದೊಡ್ಡ ಮೊತ್ತದಲ್ಲಿ ನಮ್ಮ ಜನ ಕೊಂಡ ವಸ್ತುವಿನ ಲಾಭವೂ ಇರುತ್ತದೆ. ವಾಪಸ್ ಬರುವ ಕಡೆಗೂ ಬರೀ ತೆರಿಗೆ ಪಾಲು ಎಣಿಸಿದರೆ ಸಾಲದು, ಅನುದಾನ ಮತ್ತು ಕೇಂದ್ರದ ಯೋಜನೆಗಳ ದುಡ್ಡು ಬೇರೆ ಸಾಲಿನಲ್ಲಿ ಇರುತ್ತದೆ. ಸೈನ್ಯದ ಖರ್ಚನ್ನು ರಾಜ್ಯವಾರು ಹಂಚಿ ತೋರಿಸಲು ಆಗುವುದಿಲ್ಲ.

ಪಾಲು ಯಾಕೆ ಇಳಿಯಿತು ಅನ್ನುವುದೇ ನಿಜವಾದ ಚರ್ಚೆ, ಆದರೆ ಟೀವಿಯಲ್ಲಿ ಅದಕ್ಕೆ ಎರಡು ನಿಮಿಷವೂ ಸಿಗಲಿಲ್ಲ. 15ನೇ ಆಯೋಗದ ಸೂತ್ರದಲ್ಲಿ ಶೇ 45 ತೂಕ ಇದ್ದದ್ದು ತಲಾ ಆದಾಯದ ಅಂತರಕ್ಕೆ. ಶ್ರೀಮಂತ ರಾಜ್ಯಕ್ಕೆ ಕಮ್ಮಿ, ಬಡ ರಾಜ್ಯಕ್ಕೆ ಜಾಸ್ತಿ. ನಮ್ಮ ತಲಾ ಆದಾಯ ಏರಿತು, ಪಾಲು ಇಳಿಯಿತು. ಜನಸಂಖ್ಯೆಗೂ 1971ರ ಬದಲು 2011ರ ಗಣತಿ ಹಿಡಿದರು. ಬಿಹಾರದ ಮಗುವಿಗೂ ಶಾಲೆ ಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಬೆಂಗಳೂರಿನ ಆದಾಯ ತೋರಿಸಿ ಯಾದಗಿರಿಯ ಪಾಲನ್ನೂ ಸೇರಿಸಿ ಇಳಿಸುವುದು ಸರಿಯೇ? 2020-21ಕ್ಕೆ ಅದೇ ಆಯೋಗ ಕರ್ನಾಟಕಕ್ಕೆ 5,495 ಕೋಟಿ ವಿಶೇಷ ಅನುದಾನ ಶಿಫಾರಸು ಮಾಡಿತ್ತು, ಅದು ಬರಲಿಲ್ಲ. ನನ್ನ ಮಟ್ಟಿಗೆ ನಮ್ಮ ರಾಜ್ಯದ ಗಟ್ಟಿ ವಾದ ಇರುವುದು ಇಲ್ಲಿ ಮತ್ತು ಸೆಸ್ಸಿನಲ್ಲಿ. 100ಕ್ಕೆ 12 ಅನ್ನುವ ಘೋಷಣೆ ಕೂಗಲು ಸುಲಭ, ಆದರೆ ಎದುರಿನವರು ಒಂದೇ ಪ್ರಶ್ನೆ ಕೇಳಿ ಅದನ್ನು ಬೀಳಿಸಬಹುದು.

ದಾಖಲೆ, ದಾಖಲೆ, ದಾಖಲೆ

ಪ್ರತಿ ತಿಂಗಳ 1ನೇ ತಾರೀಕು ಜಿಎಸ್‌ಟಿ ಸಂಗ್ರಹದ ಸುದ್ದಿ ನೋಡುವಾಗ ಮೂರು ವಿಷಯ ನೆನಪಿಡಿ. ಏಪ್ರಿಲ್ ಅಂಕಿ ಸಾಮಾನ್ಯವಾಗಿ ದೊಡ್ಡದು, ಯಾಕೆಂದರೆ ಅದು ಮಾರ್ಚಿನ ವರ್ಷಾಂತ್ಯದ ವ್ಯಾಪಾರದ್ದು. 2025ರ ಏಪ್ರಿಲ್‌ನಲ್ಲಿ 2.37 ಲಕ್ಷ ಕೋಟಿ ಬಂದು ದಾಖಲೆ ಆಯಿತು. ಹೋಲಿಸುವುದಾದರೆ ಹಿಂದಿನ ವರ್ಷದ ಏಪ್ರಿಲ್ ಜೊತೆ ಹೋಲಿಸಿ. ಎರಡನೆಯದು, ವ್ಯಾಪಾರಿಗಳಿಗೆ ವಾಪಸ್ ಕೊಡುವ ರೀಫಂಡ್ ಕಳೆಯುವ ಮೊದಲಿನ ಅಂಕಿಯೋ ಕಳೆದ ನಂತರದ್ದೋ ನೋಡಿ. ಮೂರನೆಯದು, ಬೆಲೆ ಏರಿದರೆ ತೆರಿಗೆ ತಾನಾಗೇ ಏರುತ್ತದೆ.

ಬಜೆಟ್ ಸುದ್ದಿಯಲ್ಲಾದರೆ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ಅಂತ ಮೂರು ಅಂಕಿ ಇರುತ್ತವೆ. ಒಂದು ವರ್ಷದ ಅಂದಾಜನ್ನು ಇನ್ನೊಂದು ವರ್ಷದ ವಾಸ್ತವದ ಪಕ್ಕ ಇಟ್ಟರೆ ಏನನ್ನು ಬೇಕಾದರೂ ಏರಿಸಬಹುದು, ಇಳಿಸಬಹುದು.

ಮೂಲ ಅಂಕಿ ಸಿಗುವುದು ಕಷ್ಟವೇನಲ್ಲ. ಕೇಂದ್ರ ಬಜೆಟ್ಟಿನ ವೆಬ್‌ಸೈಟಿನಲ್ಲಿ ರಿಸೀಟ್ ಬಜೆಟ್ ಅಂತ ಒಂದು ಪುಸ್ತಕ ಇದೆ, ಅದರ ಅನುಬಂಧದಲ್ಲಿ ಯಾವ ರಾಜ್ಯಕ್ಕೆ ಎಷ್ಟು ಪಾಲು ಅನ್ನುವ ಪಟ್ಟಿ ಸಿಗುತ್ತದೆ. ರಾಜ್ಯದ ಬಜೆಟ್ ಭಾಷಣ ಕನ್ನಡದಲ್ಲೇ ಬರುತ್ತದೆ. ಸಂಸತ್ತಿನಲ್ಲಿ ಸಂಸದರು ಕೇಳಿದ ಪ್ರಶ್ನೆಗೆ ಸಚಿವರು ಕೊಟ್ಟ ಲಿಖಿತ ಉತ್ತರಗಳು ನನಗೆ ಅತ್ಯಂತ ಇಷ್ಟ, ಒಂದು ಪ್ರಶ್ನೆಗೆ ಒಂದು ಪಟ್ಟಿ, ಭಾಷಣ ಇರುವುದಿಲ್ಲ.

ಲೆಕ್ಕ ಮುಗಿದ ಮೇಲೆ ಗ್ರೂಪಿಗೆ ಹಾಕುವಾಗ ಒಂದು ಮಾತು. ‘ಚಿಕ್ಕಪ್ಪ, ನೀವು ಹೇಳಿದ್ದು ಸುಳ್ಳು’ ಅಂತ ಬರೆಯಬೇಡಿ. ದೊಡ್ಡವರು, ಅವರಿಗೂ ಬೇಜಾರಾಗುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ‘ಚಿಕ್ಕಪ್ಪ, ಈ ಅಂಕಿ ಸರಿ ಇದೆ, ಇದರ ಜೊತೆ ಇದೂ ಇದೆ ನೋಡಿ’ ಅಂತ ಹಾಳೆಯ ಫೋಟೋ ಹಾಕಿ. ನಿಮ್ಮ ಪಕ್ಷದ ಕಡೆಯ ಸುದ್ದಿ ಬಂದಾಗಲೂ ಇದನ್ನೇ ಮಾಡಿ. ಅದು ಕಷ್ಟ, ನನಗೂ ಕಷ್ಟವೇ.

ಅಂಗಡಿಯಣ್ಣ ಮರುದಿನ ರಟ್ಟು ತೆಗೆದರು. ಲೆಕ್ಕ ಬರೆದ ಹಾಳೆ ಹರಿದು ಗಲ್ಲಾಪೆಟ್ಟಿಗೆ ಮೇಲೆ ಅಂಟಿಸಿಕೊಂಡಿದ್ದರು. ಅದನ್ನು ನೋಡಿ ಎದುರಿನ ಅಂಗಡಿಯವರು ‘ನಮ್ಮದೂ ಹಾಕಿಕೊಡಿ ಮೇಡಂ’ ಅಂತ ಬಂದರು. ಅವರದು ದಿನಕ್ಕೆ 14 ಸಾವಿರ. 360ರಿಂದ ಗುಣಿಸಿದೆ, 50 ಲಕ್ಷ 40 ಸಾವಿರ. ಅವರ ಮುಖ ಸಣ್ಣದಾಯಿತು. ನಿಮಗೆ ನೋಂದಣಿ ಬೇಕೇ ಬೇಕು ಅಂದೆ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಒಂದೇ ಸಣ್ಣ ದರದಲ್ಲಿ ಕಟ್ಟುವ ಕಾಂಪೊಸಿಷನ್ ಸ್ಕೀಮ್ ತೆಗೆದುಕೊಂಡರೆ ತೆರಿಗೆ ಇರುವ ಸರಕಿನ ವಹಿವಾಟಿಗೆ ಶೇ 1, ಎಲ್ಲ ಸೇರಿ ವರ್ಷಕ್ಕೆ ಹೆಚ್ಚೆಂದರೆ 50,400, ಹಾಲು ತರಕಾರಿ ಕಳೆದರೆ ಇನ್ನೂ ಕಮ್ಮಿ, ಗಿರಾಕಿಯಿಂದ ಅದನ್ನು ವಸೂಲಿ ಮಾಡುವ ಹಾಗಿಲ್ಲ ಅಂತ ಬರೆದು ಕೊಟ್ಟೆ. ಅದೇ ವಾರ ಮುಖ್ಯಮಂತ್ರಿ ವ್ಯಾಪಾರಿಗಳ ಜೊತೆ ಮಾತಾಡಿ, ಹಳೆ ಬಾಕಿ ಕೇಳುವುದಿಲ್ಲ, ಮುಂದಕ್ಕೆ ನೋಂದಣಿ ಮಾಡಿಸಿ ಕಟ್ಟಿ ಅಂದರು. ಸೋಮವಾರ ಅವರು ಆ ಚೀಟಿ ಹಿಡಿದುಕೊಂಡು ಆಡಿಟರ್ ಹತ್ತಿರ ಹೋದರು.